ನೀರು ಹಂಚಿದ ಬೆಟ್ಟಗಳು



ಶಿಡ್ಲಘಟ್ಟದ ಸೀಮೆಯಲ್ಲಿದ್ದ ನಮ್ಮ ಹಳ್ಳಿಮನೆಯ ತಲೆಬಾಗಿಲು ಪೂರ್ವಕ್ಕಿತ್ತು. ಆದರೆ ನಮ್ಮ ತಾತ ಸಂಜೆ ಹೊತ್ತು ಕೂರುತ್ತಿದ್ದುದು ಹಿತ್ತಲ ಕಡೆಯ ಕಲ್ಲುಚಪ್ಪಡಿಯ ಮೇಲೆ, ಪಡುವಣಕ್ಕೆ ಮುಖ ಮಾಡಿ. ರಾಗಿ ಹೊಲಗಳಾಚೆ, ಕೆರೆಯ ಏರಿಯಾಚೆ, ಮಸುಕು ನೀಲಿಯಲ್ಲಿ ನಂದಿ ಬೆಟ್ಟ ಕಾಣುತ್ತಿತ್ತು. ಮುಂಗಾರಿನ ದಿನಗಳಲ್ಲಿ ಬೆಟ್ಟದ ನೆತ್ತಿ ಮೋಡದೊಳಗೆ ಮರೆಯಾದರೆ ತಾತ ಹೇಳುತ್ತಿದ್ದರು: "ನೋಡಪ್ಪ, ನಂದಿ ಕಂಬಳಿ ಹೊದ್ದವ್ನೆ. ನಾಳೆಗೆ ಬಿತ್ತನೆ ಬೀಜ ತೆಗೆದಿಡ್ಬೇಕು." ಕೆಲವು ಸಲ ಮಳೆ ಬರುತ್ತಿತ್ತು. ಹಲವು ಸಲ ಬರುತ್ತಿರಲಿಲ್ಲ. ಮಾರನೆಯ ಸಂಜೆ ತಾತ ಮತ್ತೆ ಅದೇ ಕಲ್ಲಿನ ಮೇಲೆ, ಅದೇ ದಿಕ್ಕಿಗೆ ನೋಡುತ್ತ ಕೂತಿರುತ್ತಿದ್ದರು. ಆ ಬೆಟ್ಟವನ್ನು ಹತ್ತಬಹುದು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅದಕ್ಕೆ ಮುಂಚೆ ಅದು ನಾವು ನೀರು ಕೇಳುವ ಜಾಗವಾಗಿತ್ತು.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಬೆಟ್ಟಸಾಲಿನ ಬಗ್ಗೆ. ನಂದಿ ಎಂದರೆ ಒಂದೇ ಬೆಟ್ಟ ಎಂದು ಬೆಂಗಳೂರಿನಿಂದ ಬರುವ ಅನೇಕರು ತಿಳಿದಿದ್ದಾರೆ. ಅಲ್ಲ. ನಂದಿಗಿರಿ, ಚನ್ನಗಿರಿ, ಬ್ರಹ್ಮಗಿರಿ, ಸ್ಕಂದಗಿರಿ, ಹೇಮಗಿರಿ ಎಂದು ಪಂಚಗಿರಿಗಳನ್ನು ನಮ್ಮವರು ಎಣಿಸುತ್ತಾರೆ. ಐದನೆಯದಕ್ಕೆ ದಿವ್ಯಗಿರಿ ಎನ್ನುವವರೂ ಇದ್ದಾರೆ. ಅಲ್ಲಿಂದಾಚೆ ವಾಯವ್ಯಕ್ಕೆ ಗೌರಿಬಿದನೂರು, ಉತ್ತರಕ್ಕೆ ಗುಡಿಬಂಡೆ, ಪೂರ್ವಕ್ಕೆ ಶಿಡ್ಲಘಟ್ಟ, ಚಿಂತಾಮಣಿ, ಹೀಗೆ ಬೋಳು ಬಂಡೆಯ ಬೆಟ್ಟಗಳು ಬಿಡಿಬಿಡಿಯಾಗಿ ನಿಂತು ಆಂಧ್ರದ ಗಡಿ ದಾಟುತ್ತವೆ. ಆ ಕಡೆಯ ಹಳ್ಳಿಗಳಲ್ಲಿ ಬೆಟ್ಟಕ್ಕೆ ಕೊಂಡ ಎಂಬ ಹೆಸರೂ ಅಷ್ಟೇ ಬಳಕೆಯದು. ಒಂದೇ ಜಗಲಿಯಲ್ಲಿ ಕನ್ನಡ, ತೆಲುಗು ಎರಡೂ ಮಾತಾಡುವ ಸೀಮೆ ಇದು.

ನಮ್ಮದು ಮರಳುಗಾಡಲ್ಲ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಆಗುವ ನಾಡನ್ನು ಯಾರೂ ಮರುಭೂಮಿ ಎನ್ನುವುದಿಲ್ಲ. ಆದರೆ ಆ ಮಳೆಯ ದೊಡ್ಡ ಪಾಲು ಕೆಲವೇ ಸಂಜೆಗಳಲ್ಲಿ ಗುಡುಗಿ, ಸುರಿದು, ಮುಗಿದುಹೋಗುತ್ತದೆ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಡೀ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಲ್ಲ. ಥಾರ್ ಮರುಭೂಮಿಯ ಅಂಚಿನಲ್ಲಿ ಅರಾವಳಿ ಬೆಟ್ಟಗಳಿವೆ. ಒಣಬಿಸಿಲಿನ ಬಯಲಿನಿಂದ ಮೌಂಟ್ ಅಬುವಿಗೆ ಹತ್ತಿದವರಿಗೆ ಇದ್ದಕ್ಕಿದ್ದಂತೆ ತಂಪು ಗಾಳಿ, ಹಸಿರು, ಕೆರೆ ಸಿಗುತ್ತವೆ. ನಂದಿಯೂ ನಮಗೆ ಅಂಥದೇ. ಚಿಕ್ಕಬಳ್ಳಾಪುರ ಪೇಟೆ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದ್ದರೆ ನಂದಿಯ ನೆತ್ತಿ 1,478 ಮೀಟರ್. ನಡುವಿನ ಐನೂರು ಚಿಲ್ಲರೆ ಮೀಟರ್ ಏರುವಷ್ಟರಲ್ಲಿ ಜಾಲಿಮುಳ್ಳು ಹೋಗಿ ಪಾಚಿ ಬರುತ್ತದೆ.

ಈ ಬೆಟ್ಟಗಳ ಬಂಡೆಯ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದ ಆಳದಲ್ಲಿ ಕರಗಿದ್ದ ಶಿಲೆ ನಿಧಾನವಾಗಿ ಆರಿ ಗ್ರಾನೈಟ್ ಆಯಿತು. ಮೇಲಿನ ನೆಲವೆಲ್ಲ ಕೊಚ್ಚಿಹೋದ ಮೇಲೆ ಅದು ಹೊರಬಿತ್ತು. ಮೇಲಿನ ಭಾರ ಇಳಿದಾಗ ಬಂಡೆ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಹಾಸುಬಂಡೆಗಳು ಹುಟ್ಟಿದ್ದು ಹಾಗೆ. ಬಿರುಕುಗಳಲ್ಲಿ ನೀರು ಇಳಿದು, ಮೂಲೆಗಳು ಸವೆದು, ಒಂದರ ಮೇಲೊಂದು ಯಾರೋ ಇಟ್ಟು ಹೋದಂತೆ ಗುಂಡುಗಳು ಉಳಿದವು. ಹಾಸುಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಂತು ನಿಂತು ಆಳವಾದ ಗುಳಿಗಳಾಗುತ್ತವೆ. ಅವನ್ನು ದೊಣೆ ಎನ್ನುತ್ತೇವೆ. ಸುತ್ತ ಎಲ್ಲ ಒಣಗಿದ ಬೇಸಿಗೆಯಲ್ಲೂ ದೊಣೆಯ ತಳದಲ್ಲಿ ನೀರಿರುತ್ತದೆ. ಕುರಿ ಕಾಯುವವರು, ಕರಡಿ, ನವಿಲು, ಜೇನ್ನೊಣ, ಕೋಟೆ ಕಟ್ಟಿದ ಪಾಳೆಯಗಾರ, ತಪಸ್ಸಿಗೆ ಕೂತ ಸನ್ಯಾಸಿ, ಎಲ್ಲರೂ ಮೊದಲು ಹುಡುಕಿದ್ದು ದೊಣೆಯನ್ನೇ. ಬೆಟ್ಟದ ಮೇಲೆ ಎಲ್ಲಿ ಹಳೆಯ ಗೋಡೆ ಕಂಡರೂ ಹತ್ತಿರದಲ್ಲಿ ಒಂದು ದೊಣೆ ಹುಡುಕಿ ನೋಡಿ. ಸಾಮಾನ್ಯವಾಗಿ ಸಿಗುತ್ತದೆ.

ಬಂಡೆಯ ಮೇಲೆ ಬಿದ್ದ ನೀರು ನಿಲ್ಲುವುದು ದೊಣೆಯಲ್ಲಿ ಮಾತ್ರ. ಉಳಿದದ್ದು ಇಳಿಯುತ್ತದೆ. ಎಲ್ಲಿಗೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ನಂದಿಯ ನೈಋತ್ಯದ ಇಳಿಜಾರಿನ ನೀರು ಅರ್ಕಾವತಿಯಾಗಿ ದೊಡ್ಡಬಳ್ಳಾಪುರದ ಕಡೆ ಹೊರಟು, ರಾಮನಗರ ದಾಟಿ ಕಾವೇರಿಗೆ ಸೇರುತ್ತದೆ. ಚನ್ನಕೇಶವ ಬೆಟ್ಟದ ಕಡೆ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು, ಅನಂತಪುರ, ಕಡಪ ಸುತ್ತಿ ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ಆಂಧ್ರದವರ ಪೆನ್ನೇರು ಅದೇ. ಅದರ ತಂಗಿಯಂಥ ದಕ್ಷಿಣ ಪಿನಾಕಿನಿ ಹೊಸಕೋಟೆ, ಹೊಸೂರು, ಕೃಷ್ಣಗಿರಿಯ ಮೇಲೆ ತಮಿಳುನಾಡಿನ ಕಡಲೂರಿಗೆ ಹೋಗುತ್ತದೆ. ಚಿತ್ರಾವತಿ ಚಿಕ್ಕಬಳ್ಳಾಪುರದ ಬೆಟ್ಟಗಳಿಂದ ಬಾಗೇಪಲ್ಲಿ, ಪುಟ್ಟಪರ್ತಿಯ ದಾರಿ ಹಿಡಿಯುತ್ತದೆ. ಪಾಪಾಗ್ನಿ ನಮ್ಮ ಶಿಡ್ಲಘಟ್ಟದ ಕಡೆಯಿಂದ ಆಂಧ್ರಕ್ಕೆ ಇಳಿದು, ಚಿತ್ರಾವತಿಯಂತೆಯೇ ಪೆನ್ನೇರನ್ನು ಕೂಡುತ್ತದೆ. ಚಿಂತಾಮಣಿ ತಾಲ್ಲೂಕಿನ ತಲಗವಾರದ ಬಳಿ ಪಾಲಾರ್ ಹುಟ್ಟಿ, ವೇಲೂರು, ಕಾಂಚೀಪುರಂ ಸೀಮೆಗೆ ಹೋಗುತ್ತದೆ. ಒಂದು ದಿನದಲ್ಲಿ ಬಸ್ಸಿನಲ್ಲಿ ಸುತ್ತಿ ಬರಬಹುದಾದ ಜಾಗದಿಂದ ಆರು ನದಿಗಳು ಮೂರು ರಾಜ್ಯಗಳಿಗೆ ಹೊರಡುತ್ತವೆ. ಇದನ್ನು ಹೈಸ್ಕೂಲಿನಲ್ಲಿ ನಕ್ಷೆ ಬಿಡಿಸುತ್ತ ಮೊದಲ ಸಲ ಅರ್ಥ ಮಾಡಿಕೊಂಡ ದಿನ ನನಗೆ ಮೈ ಜುಮ್ಮೆಂದಿತ್ತು. ನೀರಿಲ್ಲದ ಊರಿನವರು ನಾವು ಎಂದುಕೊಂಡಿದ್ದೆ. ನೀರು ಹಂಚುವ ಊರಿನವರು ನಾವು.

ಈ ನದಿಗಳನ್ನು ಕಾಗದದ ಮೇಲೆ ಹಿಡಿದವರೂ ಇದ್ದಾರೆ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಆದ ಒಪ್ಪಂದದ ಪಟ್ಟಿಯಲ್ಲಿ ಕಾವೇರಿ, ತುಂಗಭದ್ರೆಗಳ ಜೊತೆಗೆ ಪಿನಾಕಿನಿಗಳು, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಎಲ್ಲವೂ ಇವೆ. ಮೇಲಿನವರು ಹೊಸದಾಗಿ ನೀರು ತಡೆಯುವುದಾದರೆ ಕೆಳಗಿನವರನ್ನು ಕೇಳಬೇಕು ಎಂಬುದು ಅದರ ತಿರುಳು. ನಮ್ಮ ಹಿರಿಯರು ಆಗಲೇ ಸಾವಿರಾರು ಕೆರೆ ಕಟ್ಟಿಕೊಂಡಿದ್ದರು. ಒಂದು ಕೆರೆಯ ಕೋಡಿ ಬಿದ್ದರೆ ಅದರ ಕೆಳಗಿನ ಕೆರೆ ತುಂಬುತ್ತಿತ್ತು. ಹೊಳೆ ಎಂದು ನಾವು ಕರೆಯುತ್ತಿದ್ದುದು ನಿಜವಾಗಿ ಕೆರೆಗಳ ಸರಪಳಿಯನ್ನು.

ಈಗ ಅರ್ಕಾವತಿಯ ಕಡೆ ಒಮ್ಮೆ ತಿರುಗಿ ನೋಡೋಣ. ಬೆಂಗಳೂರಿಗೆ ಕೊಳವೆಯಲ್ಲಿ ಮೊದಲು ಬಂದ ನೀರು ಹೆಸರಘಟ್ಟದ್ದು. 1890ರ ದಶಕದಲ್ಲಿ ಆ ಕೆರೆಯನ್ನು ದೊಡ್ಡದು ಮಾಡಿ ಪಟ್ಟಣಕ್ಕೆ ನೀರು ಒಯ್ದರು. ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಎರಡೂ ಅರ್ಕಾವತಿಯ ನೀರು, ಅಂದರೆ ನಂದಿಯ ಮಡಿಲಿನ ನೀರು. ಕಾವೇರಿಯ ಕೊಳವೆ ಬರುವವರೆಗೆ ಬೆಂಗಳೂರು ಬೆಳೆದದ್ದು ಈ ಬೆಟ್ಟದ ಋಣದಲ್ಲಿ. ಕಾಲಚಕ್ರ ಹೇಗೆ ತಿರುಗಿದೆ ನೋಡಿ: ಇವತ್ತು ಬೆಂಗಳೂರು ಬಳಸಿ ಬಿಟ್ಟ ನೀರನ್ನು ಹೆಬ್ಬಾಳ ಮತ್ತು ನಾಗವಾರ ಕಣಿವೆಗಳಲ್ಲಿ ಸಂಸ್ಕರಿಸಿ, ಪಂಪುಗಳಿಂದ ಎತ್ತಿ, ನಮ್ಮ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬಿಡುತ್ತಿದ್ದಾರೆ. ಕಂದವಾರ ಕೆರೆ ಈಗ ಬೇಸಿಗೆಯಲ್ಲೂ ಹೊಳೆಯುತ್ತದೆ. ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದಿದೆ ಎಂದು ರೈತರು ಹೇಳುತ್ತಾರೆ. ಆ ನೀರನ್ನು ಮೂರನೆಯ ಹಂತದವರೆಗೂ ಶುದ್ಧ ಮಾಡಿ ಕೊಡಿ ಎಂದೂ ಅದೇ ರೈತರು ಕೇಳುತ್ತಿದ್ದಾರೆ. ಆ ಬೇಡಿಕೆ ನ್ಯಾಯವಾದದ್ದು ಎಂದೇ ನಾನು ತಿಳಿದಿದ್ದೇನೆ. ನಾವು ಕಳಿಸಿದ್ದು ದೊಣೆಯ ನೀರು.

ಕೊಳವೆಬಾವಿಯ ಮಾತು ಬಂತು. ನಾನು ಚಿಕ್ಕವನಿದ್ದಾಗ ತೋಟದ ತೆರೆದ ಬಾವಿಯಲ್ಲಿ ಈಜು ಕಲಿತೆ. ಈಗ ನಮ್ಮ ಕಡೆ ಸಾವಿರ ಅಡಿ ದಾಟಿ, 1,500 ಅಡಿಯವರೆಗೂ ಕೊರೆಸಿದವರಿದ್ದಾರೆ. ಅಷ್ಟು ಆಳದ ನೀರು ಬಂಡೆಯೊಳಗೆ ಬಹುಕಾಲ ಕೂತು ಫ್ಲೋರೈಡ್ ಹೊತ್ತು ಬರುತ್ತದೆ. ಹಳ್ಳಿ ಶಾಲೆಯ ಮಕ್ಕಳ ಹಲ್ಲಿನ ಕಂದುಗೆರೆ ನೋಡಿದರೆ ಆ ಊರಿನ ಬಾವಿ ಎಷ್ಟು ಆಳಕ್ಕಿಳಿದಿದೆ ಎಂದು ಊಹಿಸಬಹುದು. ಶಿಡ್ಲಘಟ್ಟದ ರೇಷ್ಮೆಗೂ ಇದೇ ಕಥೆ. ಹಿಪ್ಪುನೇರಳೆ ಸೊಪ್ಪಿಗೆ ನೀರು ಬೇಕು. ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚುವುದಕ್ಕೂ ನೀರು ಬೇಕು, ಅದೂ ಗಡಸಲ್ಲದ ನೀರು. ಮಾರುಕಟ್ಟೆಯಲ್ಲಿ ಗೂಡಿನ ರಾಶಿಗೆ ಕೈಹಾಕಿ ಗುಣ ಅಂದಾಜು ಮಾಡುವ ಬಿಚ್ಚಾಣಿಕೆಯವರನ್ನು ಕೇಳಿ, ನೂಲಿನ ಹೊಳಪಿನಲ್ಲಿ ನೀರಿನ ಪಾಲೆಷ್ಟು ಎಂದು ಅವರೇ ಹೇಳುತ್ತಾರೆ.

ಬೆಟ್ಟದ ಇತಿಹಾಸವನ್ನು ಕೋಟೆಯಿಂದ ಶುರುಮಾಡುವುದು ವಾಡಿಕೆ. ನಾನು ಬೆಟ್ಟದ ಬುಡದಿಂದ ಶುರುಮಾಡುತ್ತೇನೆ. ತಲಕಾಡಿನ ಗಂಗ ಅರಸರು ತಮ್ಮನ್ನು ನಂದಗಿರಿನಾಥ ಎಂದು ಕರೆದುಕೊಳ್ಳುತ್ತಿದ್ದರು. ಕೋಲಾರಕ್ಕೂ ನಂದಿಗೂ ಒಡೆಯರು ಎಂಬುದು ಅವರ ಹೆಮ್ಮೆ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯ ಸಾವಿರದ ಇನ್ನೂರು ವರ್ಷದಷ್ಟು ಹಳೆಯದು. ಕ್ರಿ.ಶ. 806ರ ರಾಷ್ಟ್ರಕೂಟ ಗೋವಿಂದನ ಕಾಲದ ತಾಮ್ರಶಾಸನ, ಬಾಣ ಅರಸನ ರಾಣಿ ರತ್ನಾವಳಿ ಇಲ್ಲಿ ಶಿವಾಲಯ ಕಟ್ಟಿಸಿದಳು ಎನ್ನುತ್ತದೆ. ಆಮೇಲೆ ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು, ಒಬ್ಬರಾದ ಮೇಲೊಬ್ಬರು ಕೈಹಾಕಿ ಕಂಬ, ಮಂಟಪ, ಪ್ರಾಕಾರ ಸೇರಿಸಿದರು. ಹೊಸದು ಕಟ್ಟುವುದಕ್ಕೆ ಯಾರೂ ಹಳೆಯದನ್ನು ಕೆಡವಲಿಲ್ಲ.

ಇಲ್ಲಿ ಅರುಣಾಚಲೇಶ್ವರ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಎಂದು ಹೇಳುತ್ತಾರೆ. ಭೋಗನಂದಿಯ ಕಲ್ಯಾಣಮಂಟಪದ ಕಂಬಗಳ ಕೆತ್ತನೆ ನೋಡಿ ದಣಿದ ಮೇಲೆ ಪಕ್ಕದ ಶೃಂಗಿತೀರ್ಥಕ್ಕೆ ಬನ್ನಿ. ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಕಂಬಸಾಲು, ನಡುವೆ ಹಸಿರು ನೀರು. ದಕ್ಷಿಣ ಪಿನಾಕಿನಿಯ ಮೂಲ ಇದೇ ಎಂದು ಭಕ್ತರು ನಂಬುತ್ತಾರೆ. ಶಿವನ ಬಿಲ್ಲು ಪಿನಾಕ, ಆ ಹೆಸರಿನ ನದಿ ಶಿವಾಲಯದ ಕಲ್ಯಾಣಿಯಲ್ಲಿ ಹುಟ್ಟುತ್ತದೆ ಎಂಬ ಕಲ್ಪನೆಯಲ್ಲಿ ನನಗೆ ಭಕ್ತಿಯಷ್ಟೇ ಬುದ್ಧಿವಂತಿಕೆಯೂ ಕಾಣುತ್ತದೆ. ಬೆಟ್ಟದಿಂದಿಳಿದ ನೀರಿಗೆ ಮೊದಲ ಮನೆಯನ್ನು ದೇವರ ಪಕ್ಕದಲ್ಲೇ ಕಟ್ಟಿಕೊಟ್ಟರೆ ಯಾರು ತಾನೆ ಅದಕ್ಕೆ ಕಸ ಸುರಿದಾರು? ಶಿವರಾತ್ರಿಯ ಮಾರನೆಯ ದಿನ ಇಲ್ಲಿ ತೇರು. ನಂದಿ ಜಾತ್ರೆಗೆ ದನ ಕಟ್ಟುತ್ತಿದ್ದ ಬಯಲಿನಲ್ಲಿ ಹಳ್ಳಿಕಾರ್ ಹೋರಿಗಳ ಬೆಲೆಯನ್ನು ಟವಲ್ಲಿನ ಕೆಳಗೆ ಬೆರಳು ಹಿಡಿದು ಗೊತ್ತು ಮಾಡುತ್ತಿದ್ದುದನ್ನು ನಾನು ತಾತನ ಪಕ್ಕದಲ್ಲಿ ನಿಂತು ಕಂಡಿದ್ದೇನೆ.

ಕೋಟೆಯ ಕಥೆ ನಿಮಗೆಲ್ಲ ತಿಳಿದದ್ದೇ. ಆವತಿ ನಾಡಪ್ರಭುಗಳ ವಂಶದವರು ಚಿಕ್ಕಬಳ್ಳಾಪುರ ಕಟ್ಟಿದರು. ಆಮೇಲೆ ಹೈದರ್, ಟಿಪ್ಪು ನಂದಿದುರ್ಗವನ್ನು ಭದ್ರಪಡಿಸಿದರು. 1791ರಲ್ಲಿ ಇಂಗ್ಲಿಷರ ಕಾರ್ನ್‌ವಾಲಿಸನ ಸೈನ್ಯ ಮುತ್ತಿಗೆ ಹಾಕಿತು. ಫಿರಂಗಿಗಳನ್ನು ಬೆಟ್ಟದ ಮೇಲೆ ಎಳೆಯಲು ದಾರಿ ಕಡಿದು, ವಾರಗಟ್ಟಲೆ ಗುಂಡು ಹೊಡೆದು, ಅಕ್ಟೋಬರ್ 19ರ ಬೆಳಗಿನ ಜಾವ ಒಳನುಗ್ಗಿದರು. ಕೋಟೆಯವರು ಮೇಲಿನಿಂದ ಉರುಳಿಸಿದ ಕಲ್ಲುಗುಂಡುಗಳು ತೋಪಿಗಿಂತ ಹೆಚ್ಚು ಹಾನಿ ಮಾಡಿದವು. ಬೆಟ್ಟ ತನ್ನ ಮೈಯ ಬಂಡೆಯನ್ನೇ ಕೊಟ್ಟು ತನ್ನವರನ್ನು ಕಾಯಲು ನೋಡಿತು.

ಆಮೇಲೆ ಇಂಗ್ಲಿಷರಿಗೆ ಇಲ್ಲಿಯ ತಂಪು ರುಚಿಸಿತು. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯುತ್ತಿದ್ದ ಬಂಗಲೆ ಈಗಲೂ ಇದೆ. 1927ರ ಏಪ್ರಿಲ್‌ನಲ್ಲಿ ಆರೋಗ್ಯ ಕೆಟ್ಟ ಗಾಂಧೀಜಿಯವರನ್ನು ವಿಶ್ರಾಂತಿಗಾಗಿ ಇಲ್ಲಿಗೆ ಕರೆತಂದರು. ಸುಮಾರು ಆರು ವಾರ ಅವರು ಈ ಗಾಳಿಯಲ್ಲಿದ್ದು ಚೇತರಿಸಿಕೊಂಡರು. 1936ರಲ್ಲಿ ಮತ್ತೆ ಬಂದರು. 1986ರ ನವೆಂಬರ್‌ನಲ್ಲಿ ಸಾರ್ಕ್ ಶೃಂಗಸಭೆಗೆ ಬೆಂಗಳೂರಿಗೆ ಬಂದ ದೇಶಗಳ ಮುಖಂಡರೂ ಈ ಬೆಟ್ಟ ಹತ್ತಿದರು. ಅದೇ ಬೆಟ್ಟದ ನೆರಳಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ದೇಶಕ್ಕೆಲ್ಲ ಅಣೆಕಟ್ಟೆಯ ವಿದ್ಯೆ ಹೇಳಿಕೊಟ್ಟ ವಿಶ್ವೇಶ್ವರಯ್ಯನವರ ಸಮಾಧಿ ಊರಿನ ಮಗ್ಗುಲಲ್ಲೇ, ಬೆಟ್ಟ ಕಾಣುವ ಜಾಗದಲ್ಲಿದೆ. ನೀರಿನ ಬೆಲೆ ಬಲ್ಲವರು ನೀರು ಕಡಿಮೆಯಿರುವ ಸೀಮೆಯಲ್ಲೇ ಹುಟ್ಟುತ್ತಾರೆ ಎಂದು ಅಲ್ಲಿಗೆ ಹೋದಾಗಲೆಲ್ಲ ಅನಿಸುತ್ತದೆ.

ನಂದಿಯ ಒಂದು ಮರದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಭಾರತಕ್ಕೆ ನೀಲಗಿರಿ ಮರ ಮೊದಲು ಬಂದದ್ದು ನಂದಿಗೆ, ಸುಮಾರು 1790ರಲ್ಲಿ, ಟಿಪ್ಪುವಿನ ತೋಟಕ್ಕೆ ಎಂದು ಅರಣ್ಯಶಾಸ್ತ್ರದ ಪುಸ್ತಕಗಳು ಬರೆದಿವೆ. ಈಗಲೂ ನೆತ್ತಿಯ ಮೇಲೆ ನಾಲ್ಕಾಳು ತಬ್ಬಿದರೂ ಸಾಲದ ಮುದಿ ನೀಲಗಿರಿಗಳಿವೆ. ಮಂಜು ಮುಸುಕಿದಾಗ ಅವುಗಳ ಎಲೆಗಳು ಮಂಜನ್ನು ಸೋಸಿ ಹನಿಯಾಗಿಸಿ ಕೆಳಗೆ ಉದುರಿಸುತ್ತವೆ. ಮಳೆಯಿಲ್ಲದ ಬೆಳಿಗ್ಗೆಯೂ ಮರದ ಬುಡ ಒದ್ದೆಯಾಗಿರುತ್ತದೆ. ಮೇಲೆ ನಿಂತು ನೋಡಿದವರಿಗೆ ಇದು ಪುಣ್ಯದ ಮರ.

ಆದರೆ ಆ ಮರಗಳ ಬೀಜ ಕೆಳಗಿಳಿಯಿತು. ನಂದಿಯ ಬೀಜದಿಂದ ಬಂದ ತಳಿಗೆ ಮೈಸೂರು ಗಮ್ ಎಂಬ ಹೆಸರು ಬಿತ್ತು. ಐವತ್ತು, ಅರವತ್ತರ ದಶಕದ ಮೇಲೆ ಅದು ದೇಶದ ಉದ್ದಗಲಕ್ಕೂ ನೆಡುತೋಪಾಯಿತು. ಕಾಗದದ ಕಾರ್ಖಾನೆಗೆ ಬೇಕು, ಸೆಂಟ್ರಿಂಗ್ ಕಂಬಕ್ಕೆ ಬೇಕು, ದನ ಮೇಯುವುದಿಲ್ಲ, ಕಾವಲು ಬೇಡ. ಮಳೆ ನಂಬಿ ಸೋತ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ರೈತ ರಾಗಿ, ಕಡಲೆಕಾಯಿ ಬಿಟ್ಟು ನೀಲಗಿರಿ ನೆಟ್ಟ. ಅವನನ್ನು ನಾನು ದೂರಲಾರೆ, ನಮ್ಮ ಚಿಕ್ಕಪ್ಪನೂ ನೆಟ್ಟವರೇ. ಬೇರು ಆಳಕ್ಕೆ ಹೋಯಿತು, ಹುಲ್ಲು ಹುಟ್ಟಲಿಲ್ಲ, ಕುಂಟೆಗಳು ಬತ್ತಿದವು. ಕೊನೆಗೆ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿತು. ಬೆಟ್ಟದ ಮೇಲೆ ಮಂಜಿನಿಂದ ನೀರು ಇಳಿಸುವ ಮರ, ಬಯಲಿನಲ್ಲಿ ನೆಲದ ನೀರು ಹೀರಿತು. ಮರ ಅದೇ. ಅದನ್ನು ನೆಟ್ಟ ಜಾಗ ಬೇರೆ. ಚಿಕ್ಕಪ್ಪ ಆಮೇಲೆ ಆ ಬೊಡ್ಡೆಗಳನ್ನು ಜೆಸಿಬಿಯಿಂದ ಕೀಳಿಸಿ ಮಾವು ಇಟ್ಟರು. ಒಂದು ಬೊಡ್ಡೆ ಕಿತ್ತ ಗುಂಡಿಯಲ್ಲಿ ಇಳಿದು ನಿಂತರೆ ನನ್ನ ತಲೆ ಕಾಣುತ್ತಿರಲಿಲ್ಲ.

ನೆತ್ತಿಯ ಕಾಡಿಗೆ ತನ್ನದೇ ಜೀವಿಗಳಿವೆ. ಸಾಮಾನ್ಯವಾಗಿ ಪಶ್ಚಿಮ ಘಟ್ಟದ ಕಾಡಿನಲ್ಲಿ ಕಾಣುವ ನೀಲಗಿರಿ ಕಾಡುಪಾರಿವಾಳ ಬಯಲಿನ ಈಚೆ ಇಲ್ಲಿಯೂ ನೆಲೆಯಾಗಿದೆ. ಬಯಲೆಂಬ ಕಡಲಿನ ನಡುವೆ ಈ ನೆತ್ತಿ ಒಂದು ನಡುಗಡ್ಡೆ. ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ಹಾಡುಹಕ್ಕಿಗಳು ಬರುತ್ತವೆ. ಬೆಟ್ಟದ ಇಳಿಜಾರಿನ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತದ ಬಂಡೆಬೆಟ್ಟಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಈ ಹಕ್ಕಿ ಇಲ್ಲ. ಬಂಡೆ ಹೋದರೆ ಅದಕ್ಕೆ ಬೇರೆ ಮನೆಯಿಲ್ಲ. ಕೆಳಗಿನ ಕುರುಚಲಿನಲ್ಲಿ ಸೀತಾಫಲ, ಕಾರೆ, ಎಲಚಿ, ತಂಗಡಿ, ಬಂದರೆ ಗಿಡಗಳು ಬೆಳೆಯುತ್ತವೆ. ಸೀತಾಫಲದ ಕಾಲದಲ್ಲಿ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಇಳಿಯುವುದನ್ನು ರಸ್ತೆಬದಿಯಲ್ಲಿ ನೋಡಿದ್ದೀರಿ. ನೀರು ಕೇಳದೆ ಬೆಟ್ಟ ಕೊಡುವ ಬೆಳೆ ಅದು.

ಗೌರಿಬಿದನೂರಿನ ಕಡೆ ಹೊರಟರೆ ಉತ್ತರ ಪಿನಾಕಿನಿ ಜೊತೆಗೆ ಬರುತ್ತದೆ. ಅದರ ದಂಡೆಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಶ್ವತ್ಥದ ಕೆಳಗೆ ನಾಗರಕಲ್ಲುಗಳ ಸಾಲು ನೋಡಿ ಬಂದವರು ಹುತಾತ್ಮರ ಸ್ಮಾರಕದ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕು. ಅದೇ ತಾಲ್ಲೂಕಿನಲ್ಲಿ, ಬಾನುಲಿಯಲ್ಲಿ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಗಟ್ಟಿ ಬಂಡೆಯ ನೆಲ, ಗದ್ದಲವಿಲ್ಲದ ಬಯಲು ಎಂದು 1965ರಲ್ಲಿ ಅಣುಶಕ್ತಿ ಇಲಾಖೆ ಇಲ್ಲಿ ಭೂಕಂಪ ಅಳೆಯುವ ಉಪಕರಣಗಳ ಸಾಲು ನೆಟ್ಟಿತು. ಭೂಮಿಯ ಆಚೆ ಮಗ್ಗುಲಿನ ನಡುಕವೂ ನಮ್ಮ ಬಂಡೆಗೆ ಕೇಳುತ್ತದೆ. 1976ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಇಲ್ಲೇ ರೇಡಿಯೋ ದೂರದರ್ಶಕ ಶುರುಮಾಡಿದವು. ತಂತಿ ಮತ್ತು ಕಂಬಗಳ ಆ ತೋಟದ ಒಂದು ತೋಳೇ 1.4 ಕಿಲೋಮೀಟರ್ ಉದ್ದ. ಸೂರ್ಯನಿಂದ, ನಕ್ಷತ್ರಗಳ ನಡುವಿನಿಂದ ಬರುವ ಅಲೆಗಳನ್ನು ಹಿಡಿಯಲು ಕಟ್ಟಿದ್ದು ಅದು. ನೆಲದ ಸದ್ದು, ಮುಗಿಲಿನ ಸದ್ದು ಎರಡನ್ನೂ ಕೇಳಲು ದೇಶ ಆರಿಸಿಕೊಂಡ ಮೌನ ನಮ್ಮ ಸೀಮೆಯದು.

ಚಿಂತಾಮಣಿಯ ಬೆಟ್ಟಗಳ ರೀತಿ ಬೇರೆ. ಅಲ್ಲಿ ಎತ್ತರ ನೋಡುವುದಕ್ಕಿಂತ ಬಂಡೆಯ ನಡುವೆ ನಡೆಯುವುದು ಚೆಂದ. ಅಂಬಾಜಿದುರ್ಗ, ರಹಮಾನ್‌ಗಡ ಎರಡೂ ಹಳೆಯ ಕೋಟೆಬೆಟ್ಟಗಳು. ಅಂಬಾಜಿದುರ್ಗದ ಮಗ್ಗುಲಲ್ಲೇ ಕೈಲಾಸಗಿರಿಯ ಗುಹಾಲಯವಿದೆ. ನಮ್ಮ ಕಾಲದಲ್ಲೇ ಬಂಡೆ ಕೊರೆದು ಮಾಡಿದ್ದು, ಒಳಗೆ ಕಾಲಿಟ್ಟರೆ ಬೇಸಿಗೆಯಲ್ಲೂ ಕಲ್ಲು ತಣ್ಣಗಿರುತ್ತದೆ. ಕೈವಾರದಲ್ಲಿ ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎನ್ನುವ ಕಥೆ ಪ್ರತಿ ಬಂಡೆಗೂ ಅಂಟಿಕೊಂಡಿದೆ. ಬಳೆ ಮಾರುತ್ತಿದ್ದ ನಾರೇಯಣ ತಾತಯ್ಯ ಯೋಗಿಯಾಗಿ, ಕನ್ನಡದಲ್ಲೂ ತೆಲುಗಿನಲ್ಲೂ ಹಾಡಿದ್ದು ಈ ಬೆಟ್ಟದ ಗುಹೆಯ ನೆರಳಿನಲ್ಲೇ. ಅಲ್ಲಿ ಇವತ್ತು ಬಂಡೆ ಹತ್ತುವ ಹುಡುಗ ಹುಡುಗಿಯರು ಹಗ್ಗ ಕಟ್ಟಿಕೊಂಡು ಅಭ್ಯಾಸ ಮಾಡುತ್ತಾರೆ. ಸಂಜೆ ಹೊತ್ತು ತಾತಯ್ಯನ ಮಠದ ಭಜನೆಯೂ ಅವರ ಕೂಗೂ ಒಂದೇ ಕಣಿವೆಯಲ್ಲಿ ಕೇಳುತ್ತವೆ. ನನಗೆ ಎರಡೂ ಹಿತ.

ವಿಹಾರಕ್ಕೆ ಬರುವವರ ಬಗ್ಗೆ ಎರಡು ಮಾತು. ಶನಿವಾರ ನಡುರಾತ್ರಿ ಬೆಂಗಳೂರು ಬಿಟ್ಟು, ಸೂರ್ಯೋದಯಕ್ಕೆ ಮುಂಚೆ ನಂದಿಯ ಬಾಗಿಲಲ್ಲಿ ಸಾಲುಗಟ್ಟುವ ಮಕ್ಕಳನ್ನು ಕಂಡರೆ ನನಗೆ ಸಂತೋಷವೇ. ವಾರವಿಡೀ ಗಾಜಿನ ಕಟ್ಟಡದಲ್ಲಿ ಕೂತ ಕಣ್ಣಿಗೆ ಮಂಜಿನ ಕಡಲು ಬೇಕು. ಸೈಕಲ್ ತುಳಿಯುತ್ತ ತಿರುವು ತಿರುವನ್ನೂ ಏರುವವರನ್ನು ಕಂಡರೆ ಗೌರವ. ಆದರೆ ಒಂದು ಸಲ ಕಾರು ಬಿಟ್ಟು, ಬುಡದ ಸುಲ್ತಾನಪೇಟೆಯಿಂದ ಹಳೆಯ ಮೆಟ್ಟಿಲ ದಾರಿಯಲ್ಲಿ ಹತ್ತಿ ಬನ್ನಿ ಎಂದು ಅವರನ್ನು ಬೇಡುತ್ತೇನೆ. ಸಾವಿರಕ್ಕೂ ಮೀರಿದ ಮೆಟ್ಟಿಲು. ಎರಡು ಗಂಟೆ ಸಾಕು. ಹತ್ತುತ್ತ ಹೋದಂತೆ ಗಿಡ ಬದಲಾಗುವುದು, ಗಾಳಿ ಬದಲಾಗುವುದು ಕಾಲಿಗೇ ತಿಳಿಯುತ್ತದೆ. ಮೇಲೆ ಅಮೃತಸರೋವರದ ಮೆಟ್ಟಿಲ ಮೇಲೆ ಸ್ವಲ್ಪ ಕೂತು, ಈ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಜೊತೆಗಿರುವ ಮಗುವಿಗೆ ಹೇಳಿ. ಸ್ಕಂದಗಿರಿಗೆ ಪಾಪಾಗ್ನಿ ಮಠದ ಕಡೆಯಿಂದ ಹತ್ತುವವರು ಅರಣ್ಯ ಇಲಾಖೆಯ ಅನುಮತಿ ಪಡೆದೇ ಹತ್ತಬೇಕು. ರಾತ್ರಿ ಕಳ್ಳದಾರಿಯಲ್ಲಿ ಹೋಗಬೇಡಿ. ಅದು ಕರಡಿಯೂ ಚಿರತೆಯೂ ನೀರಿಗೆ ಇಳಿಯುವ ಹೊತ್ತು. ಬಾಟಲಿಯನ್ನು ದೊಣೆಗೆ ಎಸೆಯಬೇಡಿ ಎಂದು ಹೇಳಬೇಕಾಗಿ ಬಂದದ್ದಕ್ಕೆ ನೋವಾಗುತ್ತದೆ, ಆದರೂ ಹೇಳುತ್ತೇನೆ. ಕಳೆದ ಬೇಸಿಗೆಯಲ್ಲಿ ಒಂದು ದೊಣೆಯಿಂದ ನಾವು ನಾಲ್ಕು ಜನ ಎರಡು ಗೋಣಿಚೀಲದಷ್ಟು ಪ್ಲಾಸ್ಟಿಕ್ ಎತ್ತಿದೆವು. ತಳದಲ್ಲಿ ಒಂದು ಕಪ್ಪೆ ಇತ್ತು, ಬದುಕಿತ್ತು.

ಬಾಟಲಿಗಿಂತ ದೊಡ್ಡ ಗಾಯ ಕ್ವಾರಿಯದು. ಕಟ್ಟಡಕ್ಕೆ ಜಲ್ಲಿ ಬೇಕು, ನನ್ನ ಮನೆಯೂ ಜಲ್ಲಿಯಿಂದಲೇ ಎದ್ದದ್ದು. ಆದರೆ 250 ಕೋಟಿ ವರ್ಷದ ಗುಡ್ಡ ಒಂದು ಹತ್ತು ವರ್ಷದಲ್ಲಿ ಹೊಂಡವಾಗುವುದನ್ನು ನೋಡುವುದು ಕಷ್ಟ. ಬಂಡೆ ಒಡೆದ ಕಡೆ ಹಳ್ಳ ದಾರಿ ತಪ್ಪುತ್ತದೆ, ಧೂಳು ಹಿಪ್ಪುನೇರಳೆ ಎಲೆಯ ಮೇಲೆ ಕೂತು ರೇಷ್ಮೆಹುಳು ಮೇಯದೆ ಸಾಯುತ್ತದೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟಕ್ಕೆ ಆರು ಜನ ಬಲಿಯಾದರು. ಆ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಅದೇ ವರ್ಷ ಮಳೆಯೂ ಬಂತು. ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ ಸುರಿದ ಮಳೆಗೆ ಗುಡ್ಡ ಕುಸಿದು ನಂದಿಯ ರಸ್ತೆ ಕೊಚ್ಚಿಹೋಯಿತು. ತಿಂಗಳುಗಟ್ಟಲೆ ಬೆಟ್ಟ ಮುಚ್ಚಿತ್ತು. ಅಕ್ಟೋಬರ್, ನವೆಂಬರ್‌ನಲ್ಲಿ ಮಳೆ ಬಿಡಲಿಲ್ಲ. ಕೆರೆಗಳು ಒಂದಾದ ಮೇಲೊಂದು ಕೋಡಿ ಬಿದ್ದವು. ಜಕ್ಕಲಮಡಗು ಜಲಾಶಯ ತುಂಬಿ ಹರಿಯಿತು. ಬೆಳೆ ಹೋದವರು, ಮನೆಗೆ ನೀರು ನುಗ್ಗಿದವರು ಅತ್ತರು, ಅದೂ ಸತ್ಯ. ಆದರೆ ಗೌರಿಬಿದನೂರಿನ ಕಡೆ ಎಷ್ಟೋ ವರ್ಷದಿಂದ ಮುಳ್ಳು ಬೆಳೆದು, ಮರಳು ಬಗೆದು ಹಳ್ಳಬಿದ್ದಿದ್ದ ಉತ್ತರ ಪಿನಾಕಿನಿ ದಡದಿಂದ ದಡಕ್ಕೆ ಹರಿಯಿತು.

ಸುದ್ದಿ ಕೇಳಿ ನಾನೂ ಬಸ್ಸು ಹತ್ತಿ ಹೋದೆ. ಸೇತುವೆಯ ಮೇಲೆ ಜಾತ್ರೆಯಂತೆ ಜನ. ಮುದುಕಿಯರು ಮೊರದಲ್ಲಿ ಅರಿಸಿನ, ಕುಂಕುಮ, ಬಳೆ ಇಟ್ಟು ತಂದಿದ್ದರು. ನೀರು ಕೆಂಪಗೆ, ಸದ್ದು ಮಾಡುತ್ತ ಆಂಧ್ರದ ಕಡೆ ಓಡುತ್ತಿತ್ತು. ದಡದ ಓರೆಯಲ್ಲಿ, ನೀರು ತೆಳುವಾಗಿದ್ದ ಕಡೆ, ಹತ್ತು ವರ್ಷದ ಒಬ್ಬ ಹುಡುಗ ತಾಯಿಯ ಕೈಹಿಡಿದು ನಿಂತಿದ್ದ. ಅವನು ಆ ಹೊಳೆಯಲ್ಲಿ ಕ್ರಿಕೆಟ್ ಆಡಿದವನಂತೆ, ನೀರನ್ನು ಕಂಡವನಲ್ಲ. ಚಪ್ಪಲಿ ಬಿಟ್ಟು ಒಂದು ಕಾಲು ಇಟ್ಟ, ಥಟ್ಟನೆ ಎತ್ತಿಕೊಂಡ.

"ಅಮ್ಮ, ತಣ್ಣಗೈತೆ. ಎಲ್ಲಿಂದ ಬಂತು ಇದು?"

ತಾಯಿ ದಕ್ಷಿಣಕ್ಕೆ ಕೈ ತೋರಿಸಿದಳು. ಅಲ್ಲಿ ಮೋಡ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. "ಬೆಟ್ಟದಿಂದ ಕಣಪ್ಪ," ಅಂದಳು. ಹುಡುಗ ಆ ಮೋಡವನ್ನೇ ನೋಡುತ್ತ, ಮತ್ತೆ ಕಾಲು ನೀರಿಗಿಟ್ಟ. ಈ ಸಲ ಎತ್ತಲಿಲ್ಲ.